ಕಾಲುವೆ ಊರಿಗೊಂದು ಚಳಿ ಪರೀಕ್ಷೆ

"ಅರ್ಧ ಗಂಟೆ. ಅದಕ್ಕಿಂತ ಮುಂಚೆ ನೀನು ಬಾಗಿಲು ತಟ್ಟಿದ್ಯೋ, ಕಾಲುವೆ ಊರಿನ ಮಾತು ಇವತ್ತಿಗೇ ಬಂದ್," ಎಂದು ಸೂಪರ್‌ವೈಸರ್ ಕೋಲ್ಡ್ ರೂಮಿನ ದಪ್ಪ ಬಾಗಿಲ ಮೇಲೆ ಕೈಯಿಟ್ಟು ಹೆಂಡತಿಗೆ ಹೇಳಿದ.

"ತಟ್ಟದೇ ಇದ್ರೆ?"

"ಧಾರಾಳವಾಗಿ ಹೋಗು. ನಾನು ಕಮಕ್ ಕಿಮಕ್ ಅನ್ನಲ್ಲ."

ಬಾಯಲ್ಲಿ ಹಾಗಂದನೇ ಹೊರತು ಹೊಟ್ಟೆಯಲ್ಲಿದ್ದದ್ದೇ ಬೇರೆ. ಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ ಅವಳಿಗೆ ವರ್ಷದಿಂದ ಒಂದೇ ಜಪ. ಬೀದಿಗಳ ಬದಲು ಕಾಲುವೆಗಳೇ ಇರುವ ಆ ಹಳೆಯ ಊರಿಗೆ ಹೋಗಬೇಕು. ಅದೂ ನಡುಚಳಿಗಾಲದಲ್ಲಿ, ಅದೂ ಒಬ್ಬಳೇ. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವಂತೆ. ಚಳಿಗಾಲದ ಬೆಳಗಾದರೆ ಸೇತುವೆ, ದೋಣಿ, ನೀರಿನಿಂದಲೇ ಎದ್ದು ನಿಂತ ಅರಮನೆಗಳು ಮಂಜಿನೊಳಗಿಂದ ಒಂದೊಂದಾಗಿ ಹೊರಗೆ ಬರುತ್ತವಂತೆ. ಆ ಫೋಟೊ ಅವಳಿಗೆ ಬೇಕು. ಇವನಿಗೋ ಭಯ. ಭಾಷೆ ಬಾರದ ಊರಿನ ಕೊರೆಯುವ ಚಳಿಯಲ್ಲಿ ಬಿದ್ದುಗಿದ್ದರೆ ಎತ್ತುವವರು ಯಾರು? ಆದರೆ ಭಯ ಅಂತ ಬಾಯಿಬಿಟ್ಟರೆ ಗಂಡನ ಗತ್ತು ಏನಾಗಬೇಕು! ಅದಕ್ಕೇ "ಚಳಿ ಅಂದ್ರೆ ಏನು ಅಂತ ಈ ಮನೇಲಿ ಗೊತ್ತಿರೋದು ನನಗೊಬ್ಬನಿಗೇ" ಎಂದು ಪಂದ್ಯ ಕಟ್ಟಿ, ಸ್ಕೂಲಿಗೆ ರಜೆಯಿದ್ದ ದಿನ ಅವಳನ್ನು, ತರಕಾರಿ ಹೆಪ್ಪುಗಟ್ಟಿಸಿ ಇಡುವ ತನ್ನ ಕಂಪನಿಗೇ ಕರೆತಂದಿದ್ದ. ಹತ್ತು ನಿಮಿಷಕ್ಕೆ ಹಲ್ಲು ಕಟಕಟ ಅಂದರೆ ತಾನಾಗೇ ದಾರಿಗೆ ಬರುತ್ತಾಳೆ ಎಂಬುದು ಅವನ ಲೆಕ್ಕ.

ಬಾಗಿಲು ತೆರೆಯುವಷ್ಟರಲ್ಲಿ ಫೋರ್ಕ್‌ಲಿಫ್ಟ್ ಡ್ರೈವರ್ ಗಂಟಲು ಸರಿಮಾಡಿಕೊಂಡ. "ಸಾರ್, ಒಳಗೆ ಒಬ್ಬರನ್ನೇ ಬಿಡೋ ಹಾಗಿಲ್ಲ. ನೀವೇ ಮಾಡಿದ ರೂಲ್ಸು."

ಅಯ್ಯೋ ದೇವರೇ, ಹೌದಲ್ಲ! ಜೋಡಿ ಇಲ್ಲದೆ ಆ ರೂಮಿಗೆ ಯಾರೂ ಕಾಲಿಡಬಾರದು. ಪಂದ್ಯ ಕಟ್ಟುವ ಭರದಲ್ಲಿ ತನ್ನ ನಿಯಮ ತನಗೇ ಮರೆತಿತ್ತು. ತನ್ನ ದಪ್ಪ ಕೋಟನ್ನು ಆಗಲೇ ಹೆಂಡತಿಗೆ ತೊಡಿಸಿಯಾಗಿದೆ. ಡ್ರೈವರನ ಕೋಟು ಇಸಕೊಂಡು ತೊಟ್ಟರೆ ಅದರ ಗುಂಡಿ ಇವನ ಹೊಟ್ಟೆಯ ಹತ್ತಿರವೂ ಸುಳಿಯಲಿಲ್ಲ. ಇಪ್ಪತ್ತಾರು ವರ್ಷ ಈ ಚಳಿಯನ್ನೇ ನಂಬಿ ಬದುಕಿದವನಿಗೆ ಇದೇನು ಮಹಾ ಎಂದುಕೊಂಡು ಗುಂಡಿ ಹಾಕದೆಯೇ ಒಳಗೆ ನಡೆದ. ಈಚೆಗೆ ತಾನು ಬರೀ ಆಫೀಸಿನ ಕುರ್ಚಿಯಲ್ಲೇ ಕೂರುತ್ತಿದ್ದೇನೆ ಎಂಬುದು ಬಾಗಿಲು ಮುಚ್ಚಿದ ಮೇಲೆ ನೆನಪಾಯಿತು.

ಅವಳು ಬಟಾಣಿ ಚೀಲಗಳ ಸಾಲಿನ ನಡುವೆ ಕ್ಯಾಮೆರಾ ಸ್ಟ್ಯಾಂಡ್ ಊರಿದಳು. ಕೈಗವಸು ಹಾಕಿಕೊಂಡೇ ಲೆನ್ಸ್ ಬದಲಿಸಿದಳು. ಹಿಮ ಹಿಡಿದ ಪೆಟ್ಟಿಗೆಗಳ ಫೋಟೊ ಅತ್ತಿಂದ ಇತ್ತಿಂದ ತೆಗೆದಳು. ಅಷ್ಟರಲ್ಲಿ ಕ್ಯಾಮೆರಾ ಪಕ್ಕನೆ ಆರಿತು.

"ನೋಡಿದ್ಯಾ!" ಸೂಪರ್‌ವೈಸರ್ ಕುಣಿಯುವುದೊಂದು ಬಾಕಿ. "ನಿನ್ನ ಕ್ಯಾಮೆರಾಗಿರೋ ಬುದ್ಧಿ ನಿನಗಿಲ್ಲ. ಅದೇ ಬೇಡ ಅಂತಿದೆ."

ಅವಳು ಕೋಟಿನೊಳಗೆ ಕೈ ತೂರಿಸಿ ಕಂಕುಳಿಂದ ಇನ್ನೊಂದು ಬ್ಯಾಟರಿ ತೆಗೆದಳು. "ಚಳೀಲಿ ಬ್ಯಾಟರಿ ಬೇಗ ಮಲಗುತ್ತೆ ರೀ. ಅದಕ್ಕೇ ಇದಕ್ಕೆ ಕೋಳಿ ಥರ ಕಾವು ಕೊಡ್ತಿದ್ದೆ. ಅಲ್ಲ, ಅದೇನು ಕಟಕಟ ಸದ್ದು? ನಿಮ್ಮ ಹಲ್ಲಾ?"

"ಮೆ... ಮೆಷಿನ್ನು."

ಅವಳು ನಗುತ್ತಾ ಕ್ಯಾಮೆರಾವನ್ನು ಅವನತ್ತಲೇ ತಿರುಗಿಸಿದಳು. "ಆ ದೀಪದ ಕೆಳಗೆ ನಿಲ್ಲಿ. ಉಸಿರು ಬಿಡಿ. ನಿಧಾನಕ್ಕೆ ರೀ, ಅರ್ಜೆಂಟೇನಿಲ್ಲ." ಅವನ ಬಾಯಿಂದ ಬಂದ ಬಿಳಿ ಹಬೆ ಮುಖದ ಸುತ್ತ ನಿಂತಿತು. ಫೋಟೊ ತೆಗೆದವಳು ಕ್ಯಾಮೆರಾದ ಪರದೆಯನ್ನು ಮುಖದ ಹತ್ತಿರ ಹಿಡಿದು ನೋಡಿದಳು.

"ಯಾಕೆ, ಕೆಟ್ಟದಾಗಿ ಬಂತಾ?"

"ಇಷ್ಟು ವರ್ಷ ನಾವು ಉಂಡಿದ್ದು ಈ ರೂಮಿನ ಅನ್ನ. ಒಂದು ದಿನ ಬಂದು ನೋಡಿರ್ಲಿಲ್ಲ ನಾನು," ಎಂದಳು. "ನಿಮ್ಮ ಮೇಲೆ ತುಂಬಾ ಹೆಮ್ಮೆ ಆಗ್ತಿದೆ ರೀ."

ಅವನ ಎದೆ ಉಬ್ಬಿತು. ಕೋಟಿನ ಗುಂಡಿ ಇನ್ನಷ್ಟು ದೂರವಾಯಿತು. ಏನಾದರೂ ಜಂಬದ ಮಾತಾಡೋಣವೆಂದರೆ ದವಡೆ ಒಂದು ಕಡೆ ನಿಲ್ಲುತ್ತಿಲ್ಲ, ಕಾಲ್ಬೆರಳು ಇವೆಯೋ ಇಲ್ಲವೋ ತಿಳಿಯುತ್ತಿಲ್ಲ. ಇವಳೋ, ತವರಿಗೆ ಬಂದವಳ ಹಾಗೆ ಮತ್ತೆ ಸ್ಟ್ಯಾಂಡ್ ಕಡೆ ಹೊರಟಿದ್ದಾಳೆ. ಭಾಷೆ ಬಾರದ ಊರಲ್ಲೇ ಆಗಲಿ, ಇವಳು ಬೀಳುವವಳಲ್ಲ ಎಂದು ಅವನಿಗೆ ಆ ಕ್ಷಣ ಖಾತ್ರಿಯಾಯಿತು. ಹೋಗಿ ಬಾಗಿಲು ತಟ್ಟಿದ. ಒಂದಲ್ಲ, ದಬದಬ ಅಂತ.

"ಸೋತ್ರಿ," ಎಂದಳು ಅವಳು. ಹೊರಗಿನ ಬಿಸಿಗೆ ಲೆನ್ಸಿನ ಮೇಲೆ ಹಬೆ ಕೂರದಿರಲೆಂದು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಆಮೇಲೆ ಹೊಸ್ತಿಲು ದಾಟಿದಳು.

ಡ್ರೈವರ್ ನಗು ತಡೆದುಕೊಂಡು ಬಿಸಿ ಟೀ ಕೊಟ್ಟ. "ತಟ್ಟಿದ್ದು ಯಾರು ಸಾರ್?"

"ನಾನೇ. ಏನೀಗ?" ಸೂಪರ್‌ವೈಸರ್ ಲೋಟವನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಲೋಡಿಂಗ್ ಜಾಗದ ಆಚೆ ತುದಿಯವರಿಗೂ ಕೇಳುವ ಹಾಗೆ ಕೂಗಿ ಹೇಳಿದ, "ನಮ್ಮ ಮನೆಯವರು ಈ ಚಳಿಗಾಲ ಕಾಲುವೆ ಊರಿಗೆ ಹೋಗ್ತಿದ್ದಾರೆ. ಫೋಟೊ ತೆಗೆಯೋಕೆ. ಒಬ್ಬರೇ!"

"ನೀವೂ ಜೊತೆಗೆ ಹೋಗಬಹುದಿತ್ತಲ್ಲ ಸಾರ್?"

ಅವನು ಒಂದು ಗುಟುಕು ಟೀ ಕುಡಿದು, ಹೆಂಡತಿಯ ಕಡೆ ನೋಡಿದ.

"ಇಪ್ಪತ್ತಾರು ವರ್ಷ ಚಳೀಲಿ ನಿಂತಿದ್ದೀನಿ ಕಣಯ್ಯ. ಇವಳ ಪಕ್ಕ ನಿಲ್ಲೋಕೆ ಅದು ಸಾಲದು."