ಅಣಬೆ ಕೊಯ್ದ ಜಾಗ

ಅಣಬೆ ಪಾಸ್ತಾದ ಮೂರನೇ ತಟ್ಟೆ ಮುಗಿಸಿ ನಾಲ್ಕನೆಯದಕ್ಕೆ ಕೈ ಚಾಚಿದ ಯೋರಿಸ್ ಹಾಗೇ ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಮುಖವಿಟ್ಟ. ಬೆವರೆಂದರೆ ಎಂಥ ಬೆವರು! ಹಿಮ ಕರಗುವ ಕಾಲದಲ್ಲೂ ನಮ್ಮ ತಾರೊ ಹೊಳೆಯಲ್ಲಿ ಅಷ್ಟು ನೀರಿರುವುದಿಲ್ಲ.

ನನ್ನ ತಂಗಿ ಅರ್ಮಿದಾ ಸೌಟು ಕೆಳಗಿಟ್ಟಳು. "ಅಣ್ಣ, ಅಣಬೆಯನ್ನ ಪರೀಕ್ಷಕಿಗೆ ತೋರಿಸಿದ್ಯೋ ಇಲ್ವೋ?"

"ನಾನು ತೋರಿಸೋದಾ? ನಾನು ಮುಟ್ಟಿದರೆ ಸಾಕು, ಅಣಬೆ ತಾನೇ ತನ್ನ ಹೆಸರು ಹೇಳುತ್ತೆ ಕಣೇ!"

ತೋರಿಸಿರಲಿಲ್ಲ. ಕಾಡಿನ ಅಣಬೆ ತಂದವರೆಲ್ಲ ಬಾಣಲೆಗೆ ಹಾಕುವ ಮೊದಲು ಸರ್ಕಾರಿ ಪರೀಕ್ಷಕಿ ಬ್ರೂನೆಲ್ಲಾಳ ಮುಂದೆ ಬುಟ್ಟಿ ಹಿಡಿದು ಸಾಲು ನಿಲ್ಲುತ್ತಾರೆ. ನಿಲ್ಲಲಿ, ಪಾಪ. ಸುತ್ತಲ ಆರು ಹಳ್ಳಿಗಳಲ್ಲಿ, ಅಲ್ಲ, ಇಡೀ ಇಟಲಿಯಲ್ಲೇ ನನ್ನಷ್ಟು ಅಣಬೆ ಬಲ್ಲವನು ಇನ್ನೂ ಹುಟ್ಟಿಲ್ಲ. ಇವತ್ತಿನವಂತೂ ಒಂದೊಂದೂ ಪಾದ್ರಿಯ ಟೋಪಿಗಿಂತ ದೊಡ್ಡವು. ಯೋರಿಸ್‌ಗೆಂದೇ ತಂದಿದ್ದೆ. ಹಾಲೆಂಡಿನಿಂದ ನಮ್ಮ ಚರ್ಚಿನ ಆರ್ಗನ್ ರಿಪೇರಿಗೆ ಮೂರು ವಾರಕ್ಕೆಂದು ಬಂದವನಿಗೆ ಇದು ಎಂಟನೇ ತಿಂಗಳು. ವಾರಕ್ಕೊಮ್ಮೆ ಆರ್ಗನ್ ಕೆಡುತ್ತಲೇ ಇರುತ್ತದೆ, ಭಾನುವಾರ ಮಧ್ಯಾಹ್ನ ಅವನು ನಮ್ಮ ಮನೆ ಊಟಕ್ಕೆ ಬರುತ್ತಲೇ ಇರುತ್ತಾನೆ.

ಬ್ರೂನೆಲ್ಲಾಗೆ ಫೋನ್ ಮಾಡಿದೆ.

"ಆಂಬುಲೆನ್ಸಿಗೆ ಹೇಳ್ತೀನಿ, ಘಟ್ಟ ಹತ್ತಿ ಬರೋಕೆ ಮುಕ್ಕಾಲು ಗಂಟೆ ಬೇಕು," ಅಂದಳು. "ಅಷ್ಟರಲ್ಲಿ ಯಾವ ಅಣಬೆ ಅಂತ ನನಗೆ ಗೊತ್ತಾಗಬೇಕು. ಸಿಪ್ಪೆಗಿಪ್ಪೆ ಉಳಿದಿದೆಯಾ?"

"ಕೋಳಿಗೆ ಹಾಕ್ಬಿಟ್ಟೆ," ಅರ್ಮಿದಾ ಪಕ್ಕದಿಂದಲೇ ಕೂಗಿದಳು.

"ಹಾಗಾದರೆ ಕೊಯ್ದ ಜಾಗ ಹೇಳಿ, ಎರ್ಮೆತೆ. ಬುಡ ಮಣ್ಣಲ್ಲೇ ಇರುತ್ತೆ. ನಾನೇ ಹೋಗಿ ನೋಡ್ತೀನಿ."

ಜಾಗ! ನಮ್ಮ ಕಡೆ ಕಟ್ಟಿಕೊಂಡ ಹೆಂಡತಿಗೂ ಹೇಳುವ ಮಾತಲ್ಲ ಅದು. ಅಪ್ಪ ಸಾಯುವ ದಿನ ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ಮುಚ್ಚಿಸಿ, ನನ್ನ ಬಲಗಿವಿಯಲ್ಲಿ ಉಸುರಿದ್ದು. ಈ ಮೂವತ್ತು ವರ್ಷದಲ್ಲಿ ಕದ್ದು ನನ್ನ ಹಿಂದೆ ಬಂದವರು ಕಡಿಮೆಯೆಂದರೂ ಸಾವಿರ ಜನ, ಸಾವಿರ ಜನರನ್ನೂ ಮುಳ್ಳುಪೊದೆಗೆ ಇಳಿಸಿ ಮನೆಗೆ ಬಂದಿದ್ದೇನೆ. ಅಭ್ಯಾಸಬಲ, ನಾಲಿಗೆ ತಾನಾಗಿಯೇ ಆಡಿತು: "ಸ್ಮಶಾನದ ಮೇಲಿನ ಚೆಸ್ಟ್‌ನಟ್ ತೋಪು."

"ಹೊರಟೆ," ಎಂದು ಫೋನ್ ಇಟ್ಟಳು.

ಅರ್ಮಿದಾ ನನ್ನ ಮುಖವನ್ನೇ ನೋಡಿದಳು. "ಕೋಳಿಗಳು ಹೇಗಿವೆ ನೋಡಿ ಬರ್ತೀನಿ," ಎಂದು ಏಪ್ರನ್ ಜೇಬಿಗೆ ಕೈ ಹಾಕಿಕೊಂಡು ಹಿತ್ತಿಲಿಗೆ ಹೋದಳು.

ಯೋರಿಸ್‌ನ ತುಟಿ ಬಿಳಿಚಿತು. ಕಿಟಕಿಯಿಂದ ಇಣುಕಿದರೆ, ಒಂದು ಕೋಳಿ ಕಾಲು ಚಾಚಿ ಅಡ್ಡ ಬಿದ್ದಿತ್ತು! ಬುಟ್ಟಿಯ ತಳದಲ್ಲಿದ್ದ ಅಣಬೆಯ ದಂಟು ತುಸು ಹಳದಿಯಾಗಿ ಕಂಡಿತ್ತಲ್ಲವೇ? ಬೆಳಗಿನ ಬಿಸಿಲಿಗೆ ಹಾಗೆ ಕಾಣುತ್ತದೆಂದು ಬಿಟ್ಟಿದ್ದೆ. ನನ್ನ ಹೊಟ್ಟೆಯಲ್ಲೂ ಗುಡುಗು ಶುರುವಾಯಿತು, ಪಾರ್ಮಾ ಪಟ್ಟಣದವರೆಗೂ ಕೇಳಿಸಿರಬೇಕು. ಅತ್ತ ಬ್ರೂನೆಲ್ಲಾ ತಪ್ಪು ಗುಡ್ಡದಲ್ಲಿ ಒಣಗಿದೆಲೆ ಕೆದಕುತ್ತಿರುತ್ತಾಳೆ. ನಿಜವಾದ ಜಾಗ ಆಚೆ ಮಗ್ಗುಲಿಗೆ.

"ಎರ್ಮೆತೆ," ಯೋರಿಸ್ ನರಳಿದ. "ನಾನು ಹೋದರೆ ಪಾದ್ರಿಗೆ ಹೇಳಿಬಿಡು. ಆರ್ಗನ್ನಿನ ಎಡಗಡೆಯ ಏಳನೇ ಕೊಳವೆ ಇದೆಯಲ್ಲ... ಅದನ್ನ ನಾನೇ ಬೇಕಂತ ಸಡಿಲ ಬಿಡ್ತಿದ್ದೆ. ಸರಿ ಮಾಡಿದರೆ ಊರಿಗೆ ಹೊರಡಬೇಕಾಗುತ್ತೆ, ನಿಮ್ಮನೆ ಊಟ ತಪ್ಪುತ್ತೆ ಅಂತ."

"ಬಿಡ್ತು ಅನ್ನು ಮಾರಾಯ! ಏನೂ ಆಗಲ್ಲ."

"ಗೊತ್ತು ಬಿಡೋ. ನೀನು ತಂದದ್ದು ತಾನೇ," ಎಂದು ನನ್ನ ಕೈ ಹಿಡಿದ. ಅವನ ಕೈ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಗೋಡೆ ಗಡಿಯಾರ ಒಮ್ಮೆ ಬಾರಿಸಿತು. ಅಪ್ಪನ ಉಸಿರು ಇನ್ನೂ ನನ್ನ ಬಲಗಿವಿಯಲ್ಲೇ ಬೆಚ್ಚಗೆ ಕೂತಿತ್ತು.

ನಾನು ಎಂಥವನೆಂದರೆ, ಗೆಳೆಯನ ಜೀವದ ಪ್ರಶ್ನೆ ಬಂದರೆ ಎರಡು ಉಸಿರಿನಷ್ಟು ಹೊತ್ತೂ ಯೋಚಿಸುವವನಲ್ಲ. ಫೋನ್ ಎತ್ತಿಕೊಂಡೆ.

"ಬ್ರೂನೆಲ್ಲಾ, ಸ್ಮಶಾನದ ಹತ್ತಿರ ಅಲ್ಲ! ಹಳೇ ಗಿರಣಿ ಹಿಂದೆ, ಸಿಡಿಲು ಬಡಿದ ಬೀಚ್ ಮರದ ಬುಡದಲ್ಲಿ. ಓಡು ತಾಯಿ, ಬೇಗ ಓಡು!"

"ಅಲ್ಲೇ ಇದ್ದೀನಿ," ಅಂದಳು. "ನಿಮ್ಮ ತಂಗಿ ಆಗಲೇ ಫೋನ್ ಮಾಡಿದ್ರು. ನೀವು ಕೊಯ್ದ ಬುಡ ಅಷ್ಟೂ ನೋಡಿದೆ, ಒಂದೂ ಕೆಟ್ಟದ್ದಿಲ್ಲ. ಆಂಬುಲೆನ್ಸಿನವರು ಬಂದು ಒಂದು ಸಲ ನೋಡಲಿ, ಆದರೆ ನನ್ನ ಕೇಳಿದರೆ ನಿಮ್ಮ ಗೆಳೆಯನಿಗೆ ಏರಿರೋ ವಿಷ ಮೂರು ತಟ್ಟೆ ಪಾಸ್ತಾ."

ಅರ್ಮಿದಾ ಬಾಗಿಲಲ್ಲಿ ನಿಂತಿದ್ದಳು. ಅಡ್ಡ ಬಿದ್ದಿದ್ದ ಕೋಳಿ ಅವಳ ಕಂಕುಳಲ್ಲಿತ್ತು. ಬಿಸಿಲು ಕಾಯಿಸಿಕೊಂಡು ಮಲಗಿದ್ದನ್ನು ಎಬ್ಬಿಸಿದ್ದಕ್ಕೆ ಇಡೀ ಊರಿಗೆ ಕೇಳುವಂತೆ ಬೈಯುತ್ತಿತ್ತು.

"ನಿನಗೆ... ಆ ಜಾಗ ಹೇಗೇ ಗೊತ್ತು?"

"ಅಪ್ಪ ಹೇಳಿದ್ದ. ನಿನಗೆ ಹೇಳೋ ಹಿಂದಿನ ದಿನ," ಅಂದಳು. "ನಾಳೆ ಯಾರದ್ದಾದರೂ ಜೀವಕ್ಕೇ ಕುತ್ತು ಬಂದರೂ ನಿನ್ನಣ್ಣ ಬಾಯಿ ಬಿಡಲ್ಲ, ನಿನಗೂ ಒಂದು ಮಾತು ಗೊತ್ತಿರಲಿ ಅಂತ."

"ಬಿಟ್ಟೆನಲ್ಲೇ! ಈಗ ನೀನೇ ಕೇಳಿಸಿಕೊಂಡೆಯಲ್ಲ, ಹೇಳಿದೆನೋ ಇಲ್ವೋ?"

ಅವಳು ತಲೆಯೆತ್ತಿ ಗೋಡೆ ಗಡಿಯಾರ ನೋಡಿದಳು.

"ಹೇಳಿದೆ ಅಣ್ಣ. ಇಪ್ಪತ್ತೆರಡು ನಿಮಿಷ ಆದ ಮೇಲೆ."