ಎಂಟು ಮನೆಗಳ ಗಿರಾಕಿ

ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಅಜಿತ್ ಹಿತ್ತಿಲಿಗೆ ಕಾಲಿಟ್ಟ. ಪಾಯಿಖಾನೆ ಗುಂಡಿಯ ಮುಚ್ಚಳ ಒಡೆದು, ಕಪ್ಪು ನೀರು ಬಾವಿಕಟ್ಟೆಯ ಬುಡದವರೆಗೆ ಹರಿದಿತ್ತು. ಮೇಲೆ ನೊಣಗಳ ಹಾಸು.

ಕೋಟೇಶ್ವರದ ಈ ಎಂಟು ಬಾಡಿಗೆ ಮನೆಗಳ ಸಾಲನ್ನು ಕೊಂಡವರು ಅವನ ಅಪ್ಪ. ಬಾಡಿಗೆ ತಿಂಗಳು ತಪ್ಪದೆ ಮುಂಬೈಗೆ ಬರುತ್ತಿತ್ತು. ಅಪ್ಪ ಮಾತ್ರ ಇತ್ತ ತಲೆ ಹಾಕುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ, ಮಾರಿ ಕೈತೊಳೆದುಕೊಳ್ಳಲೆಂದು ಅಜಿತ್ ಮೊದಲ ಸಲ ಬಂದಿದ್ದ. ಮೂವರು ಗಿರಾಕಿಗಳು ಗೇಟಿನಿಂದಲೇ ವಾಪಸಾಗಿದ್ದರು.

ನಾಲ್ಕನೆಯವಳು ಗಿರಿಜಾ. ಐವತ್ತರ ಹೆಂಗಸು, ಇಸ್ತ್ರಿ ಮಾಡಿದ ಸೀರೆ. ಅವಳು ಮೂಗು ಮುಚ್ಚಲಿಲ್ಲ. ಕೊಚ್ಚೆಯ ನಡುವೆ ಹಾಕಿದ್ದ ಕಲ್ಲುಗಳ ಮೇಲೆ, ಕೆಳಗೆ ನೋಡದೆಯೇ ದಾಟಿದಳು.

ಬಾಡಿಗೆಯವರು ಮೀನು ಮಾರಲು ಹೋಗಿದ್ದರು. ಮೂರನೇ ಮನೆಗೆ ಬರೀ ಚಿಲಕ. ಅವಳು ಒಳಗೆ ಹೋಗಿ ಗೋಡೆಯ ಮೇಲೆ ಕೈಯಿಟ್ಟಳು. ಬೂಸ್ಟು ಹಿಡಿದ ಗಾರೆ ಪುಡಿಪುಡಿಯಾಗಿ ಉದುರಿತು. ಒಳಗಿನಿಂದ ಜಿರಲೆಗಳು ಹರಿದು ಬಂದವು.

“ಮಳಿಗಾಲ್ದಗೆ ಆ ಗುಂಡಿ ನೀರ್ ಅಡ್ಗಿ ಕೋಣಿಗ್ ಬತ್ತ್,” ಎಂದಳು. “ಮಕ್ಳ್ ಮಂಚದ್ ಮೇಲ್ ಕೂಕಂಡ್ ಉಂಬ್ದ್.”

ಚೆನ್ನಾಗಿ ವಿಚಾರಿಸಿಕೊಂಡೇ ಬಂದಿದ್ದಾಳೆ, ಜಾಣೆ ಎಂದುಕೊಂಡ ಅಜಿತ್. ಒಡೆದ ಹೆಂಚು, ಗೆದ್ದಲು ತಿಂದ ಮಾಡಿನ ಪಕ್ಕಾಸು, ಶಾಕ್ ಹೊಡೆಯುವ ಸ್ವಿಚ್ಚು, ಒಂದೊಂದಕ್ಕೂ ಅವಳು ಬೆಲೆ ಇಳಿಸಿದಳು. ಅವನು ವಾದಿಸಲಿಲ್ಲ. ಆ ನಾತದಿಂದ ಪಾರಾದರೆ ಸಾಕಿತ್ತು. ಇಂಥಲ್ಲಿ ಬದುಕುವವರು ಎಂಥ ಜನ, ಅವರಿಗೆ ಹೇಸಿಗೆ ಆಗುವುದಿಲ್ಲವೇ ಎಂದು ಕೇಳಿದ.

ಆಗುತ್ತದೆ, ದಿನಾ ಆಗುತ್ತದೆ ಎಂದಳು ಗಿರಿಜಾ. ಆಮೇಲೆ ಅವನನ್ನೇ ನೋಡಿದಳು. “ನಿಮ್ಮಪ್ಪಯ್ಯ ಒಂದ್ಸಲ ರಿಪೇರಿ ಮಾಡ್ಸಿರೆ ನಮ್ಗ್ ಈ ರೇಟಿಗ್ ಸಿಕ್ತಿರ್ಲಿಲ್ಲ.”

ಗೇಟಿನ ಬಳಿ, ಕಾರಿನ ಬಾನೆಟ್ ಮೇಲೆ ಕರಾರಿಗೆ ಸಹಿ ಬಿತ್ತು. ನಿರಾಳವಾದ ಅಜಿತ್ ಉದಾರಿಯಾದ. ಬಾಡಿಗೆಯವರನ್ನು ತಿಂಗಳೊಳಗೆ ತಾನೇ ಬಿಡಿಸಿ ಕೊಡುತ್ತೇನೆ ಎಂದ.

“ಬಿಡ್ಸುದ್ ಬ್ಯಾಡ,” ಎಂದಳು ಗಿರಿಜಾ. “ಎಂಟೂ ಮನಿಯರ್ ಸೇರಿಯೇ ತಕಂಡದ್ದ್.”

ಸೊಂಟದಿಂದ ಕೀ ತೆಗೆದು, ಐದನೇ ಮನೆಯ ಬೀಗ ತೆರೆದು, ಚಪ್ಪಲಿ ಹೊರಗೆ ಬಿಟ್ಟು ಅವಳು ತಿರುಗಿ ಕರೆದಳು: “ಒಳ್ಗ್ ಬನಿ, ಚಾ ಕುಡ್ಕಂಡ್ ಹೋಯ್ಲಕ್ಕ್.”