ಎರಡು ಬೆರಳಗಲದ ಬಟ್ಟೆ

ಪ್ಯಾಂಟಿನ ಸೊಂಟ ಬಿಗಿ ಮಾಡಿದರಷ್ಟೇ ಸಾಲದು, ಒಳಗೆ ಮಡಚಿಟ್ಟ ಬಟ್ಟೆಯನ್ನೂ ಕತ್ತರಿಸಿ ಹಾಕಬೇಕೆಂದು ಬಸ್ ಡ್ರೈವರ್ ಹಟ ಹಿಡಿದ. ಟೈಲರ್ ಕತ್ತರಿ ಕೆಳಗಿಟ್ಟ. ಡಿಪೋದ ಯೂನಿಫಾರಂಗಳನ್ನೆಲ್ಲ ಹೊಲಿಯುವವನು ಅವನೇ. ಕೂತು ದುಡಿಯುವವರ ಹೊಟ್ಟೆ ಇಂದಲ್ಲ ನಾಳೆ ಮುಂದೆ ಬರುತ್ತದೆಂದು ಹಿಂಬದಿಯ ಹೊಲಿಗೆಯೊಳಗೆ ಎರಡು ಬೆರಳಗಲ ಬಟ್ಟೆ ಬಿಡುವುದು ಅವನ ಪದ್ಧತಿ.

“ಇರ್ಲಿ ಬಿಡಿ ಅಣ್ಣ, ಅದೇನು ಅನ್ನ ಕೇಳುತ್ತಾ?”

“ಬೇಡ. ಬಟ್ಟೆ ಇದ್ರೆ ಹೊಟ್ಟೆಗೂ ಆಸೆ ಬರುತ್ತೆ.”

ಜೊತೆಗೆ ಬಂದಿದ್ದ ಹೆಂಡತಿ ಕತ್ತರಿಸಿ ಬಿದ್ದ ಖಾಕಿ ಪಟ್ಟಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಹೃದಯಾಘಾತವಾದ ಮೇಲೆ ಅವನನ್ನು ಸ್ಟೀರಿಂಗ್‌ನಿಂದ ಇಳಿಸಿ ಟಿಕೆಟ್ ಕೌಂಟರಿನಲ್ಲಿ ಕೂರಿಸಿದ್ದರು. ಸಕ್ಕರೆ, ಕೊಬ್ಬು ಎರಡೂ ಮಿತಿ ಮೀರಿದ್ದವು. ಡಾಕ್ಟರು ಮಾತ್ರೆಗಳ ಜೊತೆಗೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಇಂಜೆಕ್ಷನ್ ಬರೆದುಕೊಟ್ಟರು. ಸಕ್ಕರೆ ಇಳಿಯಿತು, ತೂಕ ಇಳಿಯಿತು, ಹಸಿವೂ ಇಳಿಯಿತು. ನಾಲ್ಕು ತುತ್ತಿಗೇ ಸಾಕೆನಿಸುವುದು ಊಟವೆಂದರೆ ಪ್ರಾಣ ಬಿಡುವ ಅವನಿಗೆ ನಿಜಕ್ಕೂ ದುಃಖದ ಸಂಗತಿ. ಡಿಪೋದ ಆರೋಗ್ಯ ತಪಾಸಣೆ ಪಾಸಾಗಿ ಮತ್ತೆ ಬಸ್ಸು ಹತ್ತಿದರೆ ಸೂಜಿಗೊಂದು ದೊಡ್ಡ ನಮಸ್ಕಾರ ಎನ್ನುತ್ತಿದ್ದ. ನಿಲ್ಲಿಸಿದರೆ ಎಲ್ಲ ಮೊದಲಿನಂತಾಗಬಹುದೆಂದು ಡಾಕ್ಟರು ಎಚ್ಚರಿಸಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ. ಹೆಂಡತಿ ಬಿಟ್ಟಿರಲಿಲ್ಲ. ಅವಳಿಗೆ ಭಯವಿತ್ತು.

ತಪಾಸಣೆ ಪಾಸಾಯಿತು. ಬಿಗಿ ಪ್ಯಾಂಟು ತೊಟ್ಟು, ತುಂಬಿದ ಬಸ್ಸು ಓಡಿಸಿ ಸಂಜೆ ಮನೆಗೆ ಬಂದವನು ಅಡುಗೆಮನೆಯಲ್ಲೇ ಕುರ್ಚಿ ಎಳೆದು ಕಾಲು ಚಾಚಿ ಕೂತ. ಇವತ್ತು ಸೂಜಿಯ ದಿನವೆಂದು ಹೆಂಡತಿ ನೆನಪಿಸಿದಳು.

“ಇನ್ಯಾಕೆ? ಎಲ್ಲ ಸರಿಹೋಗಿದೆಯಲ್ಲ. ಆಸ್ಪತ್ರೆಗೇ ವಾಪಸ್ ಕೊಟ್ಟು ಬರ್ತೀನಿ,” ಎಂದು ಎದ್ದು ಫ್ರಿಜ್ಜಿನ ಬಾಗಿಲು ತೆಗೆದ.

ಇಂಜೆಕ್ಷನ್ ಡಬ್ಬಿಯ ಮೇಲೆ ಖಾಕಿ ಪಟ್ಟಿಯನ್ನು ನೀಟಾಗಿ ಮಡಚಿ ಇಡಲಾಗಿತ್ತು. ಮುಟ್ಟಿದ. ತಣ್ಣಗಿತ್ತು.

“ಇದ್ಯಾಕೆ ಇಲ್ಲಿದೆ?”

ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಡಬ್ಬಿ ಕೊಡೋಕೆ ಹೋಗ್ತೀರಲ್ಲ, ಹಾಗೇ ಅದನ್ನ ಟೈಲರ್‌ಗೆ ಕೊಟ್ಟು ಬನ್ನಿ. ಮತ್ತೆ ಸೇರಿಸಿ ಹೊಲೀಲಿ.”